ಕೈಯಿಟ್ಟರೆ ನಿಲ್ಲುವ ಸದ್ದು

ಸೈಗಾನಿನ ಮಳೆ ಮುನ್ಸೂಚನೆ ಕೊಟ್ಟು ಬರುವುದಿಲ್ಲ. ಮೂರು ಗಂಟೆಗೆ ಕಣ್ಣು ಕುಕ್ಕುವ ಬಿಸಿಲಿತ್ತು, ಮೂರೂಕಾಲಿಗೆ ಸಂತೆಯ ಬೀದಿ ಹೊಳೆಯಾಗಿತ್ತು. ಹಳೆಯ ರೇಡಿಯೋ, ಸ್ಪೀಕರು, ಟೇಪ್ ರೆಕಾರ್ಡರುಗಳ ಅಂಗಡಿಗಳೆಲ್ಲ ಒಂದೊಂದಾಗಿ ಟಾರ್ಪಾಲು ಇಳಿಸಿದವು. ನಾವು ಮೂವರು ಖಿಯೆಮ್ ತಾತನ ಅಂಗಡಿಯಲ್ಲಿ ಸಿಕ್ಕಿಹಾಕಿಕೊಂಡೆವು. ನಾನು, ಪಕ್ಕದ ಅಂಗಡಿಯ ಹಾನ್ ಅಕ್ಕ, ಮತ್ತೆ ಡಾಟ್ ಎಂಬ ಹಲ್ಲಿನ ಡಾಕ್ಟರು. ಡಾಟ್ ತನ್ನ ಹಳೆಯ ವಾಲ್ವ್ ಆಂಪ್ಲಿಫೈಯರನ್ನು ಕೂಸಿನ ಹಾಗೆ ಟವೆಲಿನಲ್ಲಿ ಸುತ್ತಿ ತಂದಿದ್ದ.

"ತಾತ, ಎಲ್ಲಾ ಬದಲಾಯಿಸಿದ್ದಾಯ್ತು. ಹಾಡು ನಿಂತ್ರೂ ಈ ಗುಂಯ್ ಅನ್ನೋದು ನಿಲ್ತಿಲ್ಲ. ಮನೇಲಿ ಅದಿರ್ಬೇಕು ಇಲ್ಲಾ ನಾನಿರ್ಬೇಕು ಅಂತಿದ್ದಾಳೆ ಹೆಂಡ್ತಿ."

"ಯಾರನ್ನ ಇಟ್ಕೊಳ್ಳೋದು ಅಂತ ಇನ್ನೂ ಯೋಚನೆ ಮಾಡ್ತಿದ್ದೀರಾ?" ಎಂದಳು ಹಾನ್ ಅಕ್ಕ.

ನಾವು ನಕ್ಕೆವು. ತಾತ ನಗಲಿಲ್ಲ. ಎಂಬತ್ತೊಂದರ ವಯಸ್ಸು, ಕನ್ನಡಕದ ಮೇಲೊಂದು ಭೂತಗನ್ನಡಿ. ಅದನ್ನು ಹಣೆಗೇರಿಸಿ, "ಇದು ಮೊದ್ಲು ಯಾರ ಹತ್ರ ಇತ್ತು?" ಎಂದು ಕೇಳಿದರು.

"ಗೊತ್ತಿಲ್ಲ. ಯಾಕೆ ತಾತ?"

"ಬದುಕಿದ್ದಾರಾ ಅಂತ."

ಮಳೆಯ ಸದ್ದಿಗೆ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ತಾತ ನಮ್ಮನ್ನೆಲ್ಲ ಸ್ಟೂಲುಗಳ ಮೇಲೆ ಹತ್ತಿರ ಕೂರಿಸಿಕೊಂಡರು. ಗ್ಲಾಸುಗಳಿಗೆ ಚಹಾ ಬಗ್ಗಿಸಿ, ಒಂದು ಗುಟುಕು ಕುಡಿದು, ಹೇಳತೊಡಗಿದರು.

ಬೀದಿಯಲ್ಲಿ ಬರೀ ಸೈಕಲ್ಲುಗಳಿದ್ದ ಕಾಲ ಅದು. ಕಾಲುವೆಯ ಆಚೆ ಒಂದು ಗಲ್ಲಿಯಲ್ಲಿ ತೊಂಗ್ ಅಂತ ಒಬ್ಬ ಕಾಫಿ ಅಂಗಡಿ ಇಟ್ಟಿದ್ದ. ಐದು ಮೇಜು, ಹತ್ತು ಕುರ್ಚಿ. ಆದರೆ ಜನ ಬರುತ್ತಿದ್ದದ್ದು ಕಾಫಿಗಲ್ಲ, ಅವನ ಆಂಪ್ಲಿಫೈಯರಿಗೆ. ಯುದ್ಧ ಮುಗಿದಾಗ ಯಾರೋ ಬಿಟ್ಟುಹೋದದ್ದು, ಎರಡಾಳು ಎತ್ತಬೇಕು ಅಷ್ಟು ಭಾರ. ಅದರಲ್ಲಿ ಹೆಣ್ಣಿನ ದನಿ ಬಂದರೆ ಪಕ್ಕದಲ್ಲೇ ಕೂತು ಉಸಿರಾಡಿದ ಹಾಗಿರುತ್ತಿತ್ತು. ತೊಂಗ್ ಮಾತಿನ ಮಲ್ಲ. ಅವನ ಹೆಂಡತಿ ಥೋವಾ ಹಿಂದುಗಡೆ ಕಾಫಿ ಬೀಜ ಹುರಿಯುತ್ತಿದ್ದಳು, ಅವಳ ಬಾಯಿಂದ ಹೊರಡುತ್ತಿದ್ದದ್ದು ಬೈಗುಳ ಮಾತ್ರ, ಅದೂ ಅವನಿಗೇ ಮೀಸಲು.

ಆ ವರ್ಷದ ಟೆಟ್, ಅಂದರೆ ಹೊಸವರ್ಷದ ಹಬ್ಬದ ಹಿಂದಿನ ವಾರ ತೊಂಗ್ ಸತ್ತ. ಕರೆಂಟು ಹೊಡೆಯಿತು ಅಂದರು. ನಾನೂ ಹೋಗಿ ಊದುಬತ್ತಿ ಹಚ್ಚಿ ಬಂದೆ. ಮೂರು ತಿಂಗಳಾದ ಮೇಲೆ ಥೋವಾ ಆ ಆಂಪ್ಲಿಫೈಯರನ್ನು ಸೈಕಲ್ ರಿಕ್ಷಾದಲ್ಲಿ ಹೇರಿಕೊಂಡು ಇದೇ ಬಾಗಿಲಿಗೆ ಬಂದಳು.

"ಇದು ಗುಂಯ್ ಅನ್ನುತ್ತೆ ಅಣ್ಣ. ನಿಲ್ಲಿಸ್ಕೊಡಿ," ಅಂದಳು.

ಬಿಚ್ಚಿ ನೋಡಿದೆ. ಟ್ರಾನ್ಸ್‌ಫಾರ್ಮರಿನ ಹತ್ತಿರ ಒಂದು ವೈರಿನ ಹೊದಿಕೆ ಕರಕಲಾಗಿ, ತಾಮ್ರ ತಗಡಿಗೆ ತಾಗಿತ್ತು. ತೊಂಗನನ್ನು ಕೊಂದ ಜಾಗ ಅದೇ... ಬೆರಳಿನ ಉಗುರಿನಷ್ಟು ಇತ್ತು. ಅದನ್ನು ಕತ್ತರಿಸಿ ಹೊಸ ವೈರು ಹಾಕಿದೆ. ಗುಂಯ್ ನಿಲ್ಲಲಿಲ್ಲ. ಕೆಪಾಸಿಟರುಗಳನ್ನು ಬದಲಾಯಿಸಿದೆ, ಎಡಗಡೆಯ ವಾಲ್ವು ಬಲಕ್ಕೆ, ಬಲಗಡೆಯದು ಎಡಕ್ಕೆ ಹಾಕಿದೆ, ಬೇರೆ ಸ್ಪೀಕರು ಜೋಡಿಸಿದೆ, ಬೇರೆ ಮನೆಯ ಕರೆಂಟಿಗೆ ಹಾಕಿ ನೋಡಿದೆ. ನಿಲ್ಲಲಿಲ್ಲ. ಈ ಕಸುಬಿನಲ್ಲಿ ಗುಂಯ್ ಅನ್ನುವುದು ಒಂದೇ ಮಟ್ಟದಲ್ಲಿ ಇರುತ್ತದೆ, ಏರುವುದಿಲ್ಲ, ಇಳಿಯುವುದಿಲ್ಲ. ಇದು ಹಾಗಿರಲಿಲ್ಲ. ಸ್ವಲ್ಪ ಹೊತ್ತು ಒತ್ತಿ ಬರುವುದು, ಆಮೇಲೆ ಒಂದು ಚಣ ತಡೆಯುವುದು... ಮತ್ತೆ ಶುರುವಾಗುವುದು. ಉಸಿರು ತೆಗೆದುಕೊಳ್ಳುವವರು ಹೀಗೇ ಅಲ್ಲವೇ ತಡೆಯುವುದು?

ಕೊನೆಗೆ ಪ್ಲಗ್ ಕಿತ್ತೆ. ಕಿತ್ತ ಮೇಲೂ ಒಂದೆರಡು ನಿಮಿಷ ಒಳಗೆ ಕರೆಂಟು ಉಳಿದಿರುತ್ತದೆ, ಅದು ಎಲ್ಲರಿಗೂ ಗೊತ್ತು. ನಾನು ಮೂಲೆಯ ಅಂಗಡಿಗೆ ಹೋಗಿ ಒಂದು ಬಟ್ಟಲು ನೂಡಲ್ಸ್ ತಿಂದು, ಬಾಯಿ ಒರೆಸಿಕೊಂಡು ವಾಪಸ್ ಬಂದೆ. ಇನ್ನೂ ಗುಂಯ್ ಅನ್ನುತ್ತಿತ್ತು. ವೈರು ನೆಲದ ಮೇಲೆ ಬಿದ್ದಿತ್ತು, ಅದು ಮಾತ್ರ ಅನ್ನುತ್ತಲೇ ಇತ್ತು. ನನಗೆ ಏನು ತೋಚಿತೋ ಏನೋ, ಅದರ ತಗಡಿನ ಮೇಲೆ ಅಂಗೈ ಊರಿದೆ.

ನಿಂತುಬಿಟ್ಟಿತು. ಅಳುವ ಮಗುವನ್ನು ಎತ್ತಿಕೊಂಡರೆ ನಿಲ್ಲಿಸುತ್ತದಲ್ಲ, ಹಾಗೆ.

ಮಾರನೆಯ ದಿನ ಅದನ್ನು ಅವಳ ಮನೆಗೇ ಒಯ್ದೆ. ರಿಪೇರಿಯಾಗಿದೆ ಅನ್ನಲು ಬಾಯಿ ಬರಲಿಲ್ಲ. ಥೋವಾ ನನ್ನ ಮುಖ ನೋಡಿದಳು.

"ಕರೆಂಟ್ ಇಲ್ದೇನೂ ಕೇಳಿಸ್ತಾ?"

"ಹೂಂ."

"ಹಾಗಾದ್ರೆ ನಂಗೆ ಹುಚ್ಚು ಹಿಡಿದಿಲ್ಲ," ಅಂದಳು. ಅಷ್ಟು ಹೇಳಿ ಅವಳಿಗೆ ಸಮಾಧಾನವಾದ ಹಾಗಿತ್ತು. ಆಮೇಲೆ ತಾನಾಗಿಯೇ ಶುರುಮಾಡಿದಳು. "ಅವತ್ತು ನಾನು ನೆಲ ಒರೆಸಿ ಹಿಂದೆ ಹೋದೆ ಅಣ್ಣ. ಬೀಜ ಹುರೀತಿದ್ದೆ. ಗುಂಯ್ ಅಂತ ಕೇಳಿಸ್ತು. ಅದು ಯಾವಾಗಲೂ ಇದ್ದದ್ದೇ ಅಲ್ವಾ? ಆ ಪೆಟ್ಟಿಗೆ ಬಾಯಿ ಮುಚ್ಸ್ರೀ, ತಲೆ ಸಿಡೀತಿದೆ ಅಂತ ಕೂಗಿದೆ. ಎರಡು ಸಲ ಕೂಗಿದೆ. ಬಂದು ನೋಡಿದ್ರೆ... ಆಂಪ್ಲಿಫೈಯರಲ್ಲ ಅದು. ಅವ್ರು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಕೈ ಅದಕ್ಕೇ ಅಂಟ್ಕೊಂಡು, ಹಲ್ಲು ಕಚ್ಕೊಂಡು... ಬಾಯಿ ಬಿಡೋಕೆ ಆಗದೆ ಕರೀತಿದ್ರು."

ಅವಳೇ ಮುಂದುವರಿಸಿದಳು.

"ಸಂತೇಲಿ ಯಾರೋ ಹೇಳಿದ್ರಂತೆ, ಮೇಲೆ ಕೈಯಿಟ್ಟು ನೋಡು, ಸದ್ದು ಕಮ್ಮಿ ಆದ್ರೆ ಅರ್ತಿಂಗ್ ತೊಂದರೆ ಅಂತ. ಹಿಂದಿನ ದಿನ ಖುಷಿಯಾಗಿ ಬಂದು ಹೇಳಿದ್ರು. ಯಾರು ಅಂತ ಗೊತ್ತಾದ್ರೆ ನಾನೇನೂ ಬೈಯಲ್ಲ ಅಣ್ಣ. ಒಂದೇ ಮಾತು ಕೇಳ್ಬೇಕು. ನಿಮಗೂ ಕೇಳಿಸ್ತಿದೆಯಾ ಅಂತ."

ಹೇಳಿದವನು ನಾನು. ಇದೇ ಮೇಜು, ಇದೇ ಕುರ್ಚಿ. ಹಬ್ಬದ ಮುಂಚಿನ ಗಲಾಟೆ, ಅಂಗಡಿಯ ತುಂಬ ಜನ, ತಲೆ ಎತ್ತದೆ ಹೇಳಿದ್ದೆ. ಆ ಮಾತಿನಲ್ಲಿ ಸುಳ್ಳಿರಲಿಲ್ಲ, ನಾವೆಲ್ಲ ದಿನಾ ಹಾಗೇ ನೋಡುವುದು. ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೋ, ನೆಲ ಒಣಗಿರಲಿ ಅಂತ ಇನ್ನೊಂದು ಮಾತು ಸೇರಿಸಬೇಕಿತ್ತು. ಸೇರಿಸಲಿಲ್ಲ. ಅಷ್ಟು ಹೇಳಲು ಎಷ್ಟು ಹೊತ್ತು ಬೇಕಿತ್ತು, ನೀವೇ ಹೇಳಿ...

ಥೋವಾಗೆ ನಾನು ಏನೂ ಹೇಳಲಿಲ್ಲ. ಒಂದು ಅರ್ತಿಂಗ್ ವೈರು ಹಾಕಿ, ಅದರ ಇನ್ನೊಂದು ತುದಿಯನ್ನು ಹಿತ್ತಲಿನ ನಲ್ಲಿಯ ಪೈಪಿಗೆ ಬಿಗಿದೆ. ಗುಂಯ್ ನಿಂತಿತು. ಗೆದ್ದೆ ಅಂದುಕೊಂಡು ಮನೆಗೆ ಬಂದೆ.

ಮೂರನೆಯ ದಿನ ಹೋದರೆ ವೈರು ಕಿತ್ತು ಬಿಸಾಕಿದ್ದಳು. ಕಾಫಿ ಅಂಗಡಿಗೆ ಬಾಗಿಲು ಹಾಕಿತ್ತು. ಸ್ಟೂಲಿನ ಮೇಲೆ ಕೂತು, ಬಲಗೈಯನ್ನು ಆಂಪ್ಲಿಫೈಯರಿನ ಮೇಲಿಟ್ಟು, ಎಡಗೈಯಲ್ಲಿ ಅನ್ನ ತಿನ್ನುತ್ತಿದ್ದಳು.

"ಯಾಕೆ ಕಿತ್ತೆ?"

"ಅವರ ದನಿ ನಿಂತುಹೋಗಿತ್ತು."

"ಈಗಲೂ ನಿಂತಿದೆಯಲ್ಲ ತಾಯಿ."

"ಇದು ಬೇರೆ. ಈಗ ನಾನಿದ್ದೀನಿ ಅಂತ ಸುಮ್ಮನಿದ್ದಾರೆ," ಅಂದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಕೈ ಎತ್ತೋಕೆ ಹೋದ್ರೆ ಬಿಡ್ತಾ ಇಲ್ಲ ಅಣ್ಣ. ಮೊನ್ನೆ ಬಿಡೋಕೆ ಸ್ವಲ್ಪ ಹೊತ್ತು ಹಿಡೀತು. ನಿನ್ನೆ ಇನ್ನೂ ಜಾಸ್ತಿ," ಅಂದಳು.

ನಾನು ಹಿಡಿದೆಳೆದೆ. ಬಂತು ಕೈ, ಆದರೆ ಹಸಿ ಮರಕ್ಕೆ ಹೊಡೆದ ಮೊಳೆ ಬರುವ ಹಾಗೆ ಬಂತು. ಅಂಗೈ ಬಿಳಿಚಿಕೊಂಡು, ನೀರಿನಲ್ಲಿ ನೆನೆದ ಹಾಗಿತ್ತು. ಗುಂಯ್ ಅಂತ ಶುರುವಾಯಿತು. ಅವಳು ನನ್ನನ್ನು ತಳ್ಳಿ ಮತ್ತೆ ಕೈಯಿಟ್ಟಳು.

ನನಗೆ ನಿದ್ದೆ ಹಾರಿಹೋಯಿತು. ಹತ್ತು ದಿನ ಒದ್ದಾಡಿದೆ. ಕೊನೆಗೆ ಹುಣ್ಣಿಮೆಯ ದಿನ ಬೆಳಿಗ್ಗೆ, ಪೂಜೆಗಂತ ಕಿತ್ತಲೆ ಹಣ್ಣು ಹಿಡಿದುಕೊಂಡು, ಎಲ್ಲ ಹೇಳಿಬಿಡುತ್ತೇನೆ ಅಂತ ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಬಾಗಿಲು ತೆರೆದೇ ಇತ್ತು. ಥೋವಾ ಆಂಪ್ಲಿಫೈಯರಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಕೈ ಅಲ್ಲೇ ಇತ್ತು. ಮೈ ತಣ್ಣಗಾಗಿತ್ತು. ಹಲ್ಲು ಕಚ್ಚಿಕೊಂಡಿದ್ದಳು. ಡಾಕ್ಟರು ಹೃದಯ ಅಂದರು, ಇರಬಹುದು. ಪ್ಲಗ್ಗಿನ ವೈರನ್ನು ಅವಳೇ ಹಿಂದೆ ಯಾವತ್ತೋ ಸುತ್ತಿ ದಾರ ಕಟ್ಟಿ ಇಟ್ಟಿದ್ದಳು.

ಅವಳ ಕೈ ಬಿಡಿಸಿದವನು ನಾನೇ. ಬಿಡಿಸಿದ ಕೂಡಲೇ ಸದ್ದು ಬಂತು... ಆದರೆ ಈಗ ಒಂದಲ್ಲ, ಎರಡು. ಒಂದು ದಪ್ಪ, ಒಂದು ತೆಳುವು. ಆವತ್ತು ಮೊದಲ ಸಲ ನನಗೆ ಅದು ಅರ್ಥವಾಯಿತು. ಅಷ್ಟು ದಿನ ಕಿವಿಯಿಟ್ಟು ಕೇಳಿದರೂ ಅರ್ಥವಾಗಿರಲಿಲ್ಲ. ನೀವೂ ಒಂದು ಕೆಲಸ ಮಾಡಿ. ಹಲ್ಲು ಕಚ್ಚಿಕೊಂಡು, ತುಟಿ ಬಿಡದೆ, ಖಿಯೆಮ್ ಅಂತ ನನ್ನ ಹೆಸರು ಕೂಗಿ ನೋಡಿ.

ತಾತ ನಿಲ್ಲಿಸಿದರು. ನಮ್ಮಲ್ಲಿ ಯಾರೂ ಕೂಗಲಿಲ್ಲ. ಆದರೆ ಮನಸ್ಸಿನೊಳಗೆ ಎಲ್ಲರೂ ಕೂಗಿ ನೋಡಿದ್ದೆವು ಎಂದು ಮುಖಗಳೇ ಹೇಳುತ್ತಿದ್ದವು. ಮಳೆ ತೆಳುವಾಗಿತ್ತು. ಹಾನ್ ಅಕ್ಕನ ಚಹಾ ಹಾಗೇ ಇತ್ತು.

"ಆಮೇಲೆ ಅದನ್ನ ಏನ್ ಮಾಡಿದ್ರಿ ತಾತ?" ಎಂದು ಡಾಟ್ ಕೇಳಿದ.

"ಏನ್ ಮಾಡ್ಲಿ? ಇಲ್ಲಿಗೆ ತಂದೆ. ಒಡೆದುಹಾಕೋಣ ಅಂತ ಸುತ್ತಿಗೆ ಎತ್ತಿದೆ, ಅಂಗಡೀಲಿದ್ದ ಅಷ್ಟೂ ಸ್ಪೀಕರುಗಳು ಒಟ್ಟಿಗೆ ಶುರುಮಾಡಿದ್ವು. ಕೈಯಿಟ್ಟೆ. ಅವಳಿಗೆ ಹೇಳ್ಬೇಕಾದ್ದೆಲ್ಲ ಆಗ ಹೇಳಿದೆ. ಕೇಳಿಸ್ತಿದೆ ತಾಯಿ, ನಂಗೂ ಕೇಳಿಸ್ತಿದೆ ಅಂದೆ. ಸುಮ್ಮನಾದ್ವು." ತಾತ ಮೇಲಿನ ಅಟ್ಟದ ಕಡೆ ಗಲ್ಲ ಎತ್ತಿ ತೋರಿಸಿದರು. "ಅಲ್ಲಿದೆ. ದಿನಾ ಐದು ಗಂಟೆಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರ್ತೀನಿ. ಮೊದಮೊದಲು ಹತ್ತು ನಿಮಿಷ ಸಾಕಾಗ್ತಿತ್ತು. ಹೋದ ವಾರ ಕೈ ಬಿಡೋ ಹೊತ್ತಿಗೆ ಕತ್ತಲಾಗಿತ್ತು."

ಮೇಜು ಹಿಡಿದುಕೊಂಡು ಎದ್ದರು. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟು, ನಮ್ಮ ಕಡೆ ತಿರುಗಿದರು.

"ನನಗೂ ವಯಸ್ಸಾಯ್ತು, ಎಷ್ಟು ದಿನ ಇರ್ತೀನೋ ಗೊತ್ತಿಲ್ಲ. ನಾನು ಹೋದ ಮೇಲೆ ಅವ್ರು ಯಾರನ್ನ ಕರೀಬೇಕು ಪಾಪ... ಅದಕ್ಕೇ ಅಂಗಡಿಗೆ ಬಂದು ಹೋಗೋರ ಹೆಸರೆಲ್ಲ ಅವ್ರಿಗೆ ಹೇಳ್ತಾ ಇರ್ತೀನಿ. ನಿಮ್ದೂ ಹೇಳಿದ್ದೀನಿ."