ಅಕ್ಕನ ಮಗಳು, ತಂಗಿಯ ಮಗ

ರಷ್ಯಾದ ಪಕ್ಕದಲ್ಲಿರುವ ನಮ್ಮ ಪುಟ್ಟ ದೇಶದ ರಾಜಧಾನಿ ತ್ಬಿಲಿಸಿಯ ಜೈಲಿನ ಹೊರಗೆ, ಒಳಗಿರುವವರಿಗೆ ಬಟ್ಟೆ ಕೊಡುವ ಸಾಲಿನಲ್ಲಿ ನಾನು ನಿಂತಿದ್ದೆ. ನನ್ನ ಮುಂದೆ ಲಮಾರಾ ಎಂಬಾಕೆ ಇದ್ದಳು. ಸರ್ಕಾರ ರಷ್ಯಾದ ಕಡೆ ವಾಲುತ್ತಿದೆ ಎಂದು ಪಾರ್ಲಿಮೆಂಟಿನ ಮುಂದೆ ಪ್ರತಿಭಟಿಸಿದ ಅವಳ ಮಗಳು ಸಲೋಮೆಯನ್ನು ಪೊಲೀಸರು ಹಿಡಿದು ಆರು ದಿನವಾಗಿತ್ತು. ಅಷ್ಟರಲ್ಲಿ ಅವಳ ತಂಗಿ ತ್ಸಿಯಾಲಾ ಏದುಸಿರು ಬಿಡುತ್ತ ಬಂದಳು.

"ಅಕ್ಕಾ, ಸಲೋಮೆಗೆ ಉಣ್ಣೆ ಕಾಲುಚೀಲ ತಂದಿದೀನಿ."

"ಹೊರದೇಶದವ್ರು ಕುಣಿಸೋ ಗೊಂಬೆಗೆ ಕಾಲುಚೀಲ ಯಾಕೆ? ನೀನೇ ಅಲ್ವೇನೇ ಹಾಗಂದಿದ್ದು?"

"ಅಂದೆ. ಆ ಯುದ್ಧದಲ್ಲಿ ನಮ್ಮೂರು ಸುಖುಮಿಯಿಂದ ಅಮ್ಮನ್ನ ಹೊತ್ಕೊಂಡು ಓಡಿ ಬಂದಿದ್ದು ಮರ್ತೋಯ್ತಾ? ರಷ್ಯಾದವ್ರನ್ನ ಕೆಣಕಿದ್ರೆ ಇನ್ನೊಂದು ಯುದ್ಧ ಆಗುತ್ತೆ ಅಕ್ಕಾ."

"ಅವ್ರು ಇನ್ನಷ್ಟು ಒಳಗೆ ಬರ್ಬಾರ್ದು ಅಂತ್ಲೇ ಅವಳು ಬೀದಿಗೆ ಹೋಗಿದ್ದು."

"ಗೊತ್ತು. ಬೈಬೇಡ."

"ಅವಳನ್ನ ಹಿಡಿದ ದಿನ ನಿನ್ನ ಮಗ ಲೇವಾನ್ ಪೊಲೀಸ್ ಸಾಲಲ್ಲಿ ಇದ್ನಾ? ಕೇಳಿದ್ಯಾ?"

"ಕೇಳ್ದೆ. ಎಲ್ಲರೂ ಮುಖ ಮುಚ್ಕೊಂಡಿದ್ವಿ ಅಮ್ಮಾ, ಯಾರು ಯಾರಿಗೆ ಹೊಡೆದ್ರೋ ಗೊತ್ತಿಲ್ಲ ಅಂದ. ಆಮೇಲೆ ಊಟಾನೇ ಮಾಡ್ಲಿಲ್ಲ."

ಲಮಾರಾ ಬಟ್ಟೆಯ ಗಂಟು ಬಿಚ್ಚಿ ಕಾಲುಚೀಲವನ್ನೂ ಒಳಗಿಟ್ಟಳು. ಅವರ ಸರದಿ ಬಂತು. ಕಿಟಕಿಯವನು ಪಟ್ಟಿ ನೋಡಿ ಗಂಟನ್ನು ಹಿಂದಕ್ಕೆ ತಳ್ಳಿದ.

"ಆ ಹುಡುಗಿ ಇಲ್ಲಿಲ್ಲ. ನಿನ್ನೆ ಬೇರೆ ಕಡೆ ಸಾಗಿಸಿದಾರೆ."

"ಎಲ್ಲಿಗಪ್ಪಾ?"

"ನಂಗೂ ಹೇಳಿಲ್ಲಮ್ಮಾ. ಮುಂದಿನವ್ರು ಬನ್ನಿ."

ಲಮಾರಾ ಅಲ್ಲೇ ನಿಂತಳು. ತ್ಸಿಯಾಲಾ ಅವಳ ತೋಳು ಹಿಡಿದು ಪಕ್ಕಕ್ಕೆ ಕರೆದಳು.

"ಬಾ ಅಕ್ಕಾ. ಲೇವಾನ್‌ನ ಕೇಳೋಣ."

"ಅವನು ಹೇಳ್ತಾನಾ?"

"ನನ್ನ ಮಗ ಕಣೇ ಅವನು."

ತ್ಸಿಯಾಲಾ ನಡೆಯುತ್ತಲೇ ಫೋನು ಕಿವಿಗಿಟ್ಟಳು. ಅವರು ಬೀದಿಯ ತಿರುವು ದಾಟುವವರೆಗೂ ನೋಡಿದೆ; ಆ ಕಡೆ ಯಾರೂ ಎತ್ತದೆ, ಅವಳು ಮತ್ತೆ ಮತ್ತೆ ಕರೆ ಮಾಡುತ್ತಲೇ ಇದ್ದಳು.