ವಿಜಿಯ ಆಟೋ ಹಿಂದಿನ ಅಕ್ಷರ

ಹೊಸಪೇಟೆಯ ಫ್ಲೆಕ್ಸ್ ಅಂಗಡಿಯಲ್ಲಿ ನನ್ನ ವಿಸಿಟಿಂಗ್ ಕಾರ್ಡಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ತಾಯಿ, ಮಗಳು. ಎದುರಿನ ಕಂಪ್ಯೂಟರಿನಲ್ಲಿ ಒಬ್ಬ ಯುವಕನ ಫೋಟೊ, ಮೇಲೆ ‘ಪ್ರಥಮ ಪುಣ್ಯಸ್ಮರಣೆ’, ಕೆಳಗೆ ಇಂಗ್ಲಿಷಿನಲ್ಲಿ ವಿಜಯಕುಮಾರ್ ಎಂಬ ಹೆಸರು. ರಾಕೆಟ್ ಹಾರುವ ಇಂಗ್ಲಿಷ್ ಸಿನಿಮಾಗಳ ಪೋಸ್ಟರಿನಲ್ಲಿ ಬರುವಂಥ ದಪ್ಪ, ಅಗಲ ಅಕ್ಷರ.

“ಅನುಸೂಯಾ, ಫೋಟೋದಾಗ ವಿಜಿ ಮಾರಿ ಯಾಕ ಇಷ್ಟು ಸಣ್ಣದಾತು?”

“ಅಕ್ಷರ ಭಾಳ ಅಗಲ ಅದಾವ ಯವ್ವ. ಜಾಗ ಎಲ್ಲಾ ಅವ ತಗೊಂಡಾವ.”

“ಕನ್ನಡದಾಗ ಬರಸು. ನಾನಂತೂ ಓದಂಗಿಲ್ಲ, ಓಣ್ಯಾಗಿನ ಮಂದಿ ಓದ್ತಾರ.”

“ಈ ನಮೂನಿ ಅಕ್ಷರ ಕನ್ನಡದಾಗ ಇಲ್ಲಂತ. ಕೇಳಿದೆ.”

“ಬ್ಯಾರೆ ನಮೂನಿ ಹಾಕ್ಸು.”

“ಅಣ್ಣ ಆಟೋ ಹಿಂದ ಬರಸಿದ್ದು ಇದನ್ನ. ನಮ್ಮ ಚಿತ್ತವಾಡ್ಗಿ ಓಣ್ಯಾಗ ಯಾರ ಆಟೋಕ್ಕೂ ಹಿಂಗಿಲ್ಲ ಅಂತಿದ್ದ.”

“ಆಟೋ ತಗೊಂಡೋರು ಅದನ್ನ ಕೆರೆದು ತಗದ್ರಲ್ಲ.”

“ಅದಕ್ಕ ಇಲ್ಲಾದ್ರೂ ಇರ್ಲಿ ಅಂತ.”

ತಾಯಿ ಬಹಳ ಹೊತ್ತು ಕಂಪ್ಯೂಟರನ್ನೇ ನೋಡಿದರು.

“ಇರ್ಲಿ ಬಿಡು. ಅವನಿಗೆ ಭಾಳ ಸೇರ್ತಿತ್ತು ಅದು. ಮಾರಿ ನನಗ ಗೊತ್ತೈತಿ.”

“ಪ್ರಿಂಟ್ ಕೊಡ್ಲೇನ್ರಿ ಅಮ್ಮ?” ಅಂಗಡಿಯವರು ಕೇಳಿದರು.

“ಕೊಡ್ರಿ.”

ಇಬ್ಬರೂ ಎದ್ದರು. ಬಾಗಿಲ ಬಳಿ ತಾಯಿ ನಿಂತರು.

“ಈ ಬ್ಯಾನರ್ ಸರ್ಕಲ್‌ನ್ಯಾಗ ಎಷ್ಟು ದಿನ ಇರ್ತೈತಿ?”

“ಮುನ್ಸಿಪಾಲ್ಟಿಯೋರು ಬಂದು ಬಿಚ್ಚೋತನ.”

“ಬಿಚ್ಚಿದ ಮ್ಯಾಲ ಮನಿಗೆ ತಂದುಬಿಡು. ಅಡಿಗಿಮನ್ಯಾಗ ಕಟ್ಟೋಣು.”

“ಅಷ್ಟು ಅಗಲ ಗ್ವಾಡಿ ನಮ್ಮ ಮನಿಗೆಲ್ಲೈತಿ ಯವ್ವ?”

ತಾಯಿ ಮಗಳ ಭುಜ ಹಿಡಿದುಕೊಂಡು ಮೆಟ್ಟಿಲು ಇಳಿದರು.