ಅಗ್ನಿಶಾಮಕ ಠಾಣೆಯ ಹಿಂದಿನ ಸೈರನ್ ಡಬ್ಬಿ ತೆರೆದದ್ದರ ಬಗ್ಗೆ

ನನ್ನ ಹೆಸರು ಲವೋನ್ ಹ್ರುಸ್ಕಾ, ವಯಸ್ಸು 58, ಕಸುಬು ರೇಡಿಯೋ ಮತ್ತು ಸೈರನ್ ರಿಪೇರಿ, ಓದು ಒಂಬತ್ತನೇ ತರಗತಿ ಅರ್ಧಕ್ಕೆ, ವಾಸ ಟ್ರೇಲರ್ ನಂ. 14, ಮಿಲ್ ರಸ್ತೆ, ಡೋರ್ಬಿ, ನೆಬ್ರಾಸ್ಕಾ. ಕೌಂಟಿ ಪೊಲೀಸ್ ಡೆಪ್ಯುಟಿಯವರು ಕೇಳಿದ್ದಕ್ಕೆ ಕೈಯಾರೆ ಬರೆದು ಕೊಡುವುದೇನೆಂದರೆ,

ಮೇ 7ರ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಸುಂಟರಗಾಳಿ ಬರುತ್ತಿದೆ, ಸೈರನ್ ತಿರುಗುತ್ತಿದೆ, ಸದ್ದಿಲ್ಲ. ನಮ್ಮ 22 ಟ್ರೇಲರ್ ಮನೆಗಳಲ್ಲಿ ಒಂದಕ್ಕೂ ನೆಲಮಾಳಿಗೆ ಇಲ್ಲ. ಚರ್ಚಿನ ನೆಲಮಾಳಿಗೆಗೆ ಓಡಲು ನಾಲ್ಕು ನಿಮಿಷ ಬೇಕು. ಮೂರು ಸಲ ಓಡಿ ನೋಡಿದ್ದೇನೆ.

ತಿಂಗಳ ಮೊದಲ ಬುಧವಾರ 10:00ಕ್ಕೆ ಸೈರನ್ ಪರೀಕ್ಷೆ. ಮಾರ್ಚ್, ಏಪ್ರಿಲ್ ಎರಡರಲ್ಲೂ ಅದು ಕೂಗಲಿಲ್ಲ. ಡಬ್ಬಿ ಮುದಿಯಾಗಿ ಕಿವುಡಾಗಿದೆ, ಮೇ 12ರ ಸಭೆಯಲ್ಲಿ ಸೈರನ್ ಕಳಚುವ ತೀರ್ಮಾನವಾಗುತ್ತದೆ ಎಂದು ಅಗ್ನಿಶಾಮಕ ದಳದ ಮುಖ್ಯಸ್ಥ ಮರ್ಲಿನ್ ಟೀಟ್ಸ್ ಹೇಳಿ, ರಿಪೇರಿಗೆಂದು ನನಗೆ ಕೊಟ್ಟಿದ್ದ ಡಬ್ಬಿಯ ಕೀಲಿ ವಾಪಸ್ ಕೇಳಿದರು. ಕೊಟ್ಟೆ. ಇನ್ನೊಂದು ಕೀಲಿ ಇತ್ತು, ಅದನ್ನು ಅವರು ಕೇಳಲಿಲ್ಲ.

ಮೇ 7ರಂದು 9:40ಕ್ಕೆ ಆ ಕೀಲಿಯಿಂದ ಡಬ್ಬಿ ತೆರೆದೆ. ಕೌಂಟಿ ಕಚೇರಿಯಿಂದ ರೇಡಿಯೋದಲ್ಲಿ ಎರಡು ಸ್ವರ ಬರಬೇಕು. ಮೊದಲನೆಯದು ಒಂದು ಸೆಕೆಂಡ್, ಎರಡನೆಯದು ಮೂರು. ಎರಡನ್ನೂ ಪೂರ್ತಿ ಕೇಳಿಸಿಕೊಂಡರೆ ಮಾತ್ರ ಡಬ್ಬಿ ಸೈರನ್ನನ್ನು ಎಬ್ಬಿಸುತ್ತದೆ. ಸೈರನ್ನಿನ ತಂತಿ ಬಿಚ್ಚಿಟ್ಟು ನನ್ನ ಯಂತ್ರದಿಂದ ಐದು ಸಲ ಸ್ವರ ಕೊಟ್ಟೆ, ಐದೂ ಸಲ ಡಬ್ಬಿ ಕೇಳಿಸಿಕೊಂಡ ಗುರುತಿನ ದೀಪ ಹತ್ತಿತು. ತಂತಿ ಜೋಡಿಸಿದೆ. 10:00ಕ್ಕೆ ಕೌಂಟಿ ಕಚೇರಿಯ ಸ್ವರ ಬಂತು. ಎರಡನೆಯದು ಒಂದೇ ಸೆಕೆಂಡಿಗೆ ನಿಂತಿತು. ಸೈರನ್ ಕೂಗಲಿಲ್ಲ. ಡಬ್ಬಿಯ ತಪ್ಪಲ್ಲ ಎಂದು ಆಗ ಗೊತ್ತಾಯಿತು. ಎದುರು ಮನೆಯವರು ನನ್ನನ್ನು ಕಂಡು ನಿಮಗೆ ಫೋನ್ ಮಾಡಿದ್ದು ಆಗಲೇ.

19 ಮೈಲಿ ಗಾಡಿ ಓಡಿಸಿ 10:31ಕ್ಕೆ ಕೌಂಟಿ ಕಚೇರಿ ಸೇರಿದೆ. ಸ್ವರ ಕಳಿಸುವ ಗುಂಡಿ ಒತ್ತಿ ಹಿಡಿಯುವ ಆರ್ಡಿಸ್ ಪೊಕೋರ್ನಿಯನ್ನು ಕೇಳಿದೆ. ಹತ್ತಕ್ಕೆ ನಿಮ್ಮೂರ ಚರ್ಚಲ್ಲಿ ಮಣ್ಣಿತ್ತು ಕಣೆ, ಅಳ್ತಾ ಕೂತೋರ ತಲೆ ಮೇಲೆ ಪೂರ್ತಿ ಕೂಗಿಸೋದಾ, ಚೂರು ಕೂಗಿ ಸುಮ್ನಾಗ್ಲಿ ಅಂತ ಬೇಗ ಕೈ ತೆಗ್ದೆ ಎಂದಳು. ಮಾರ್ಚ್, ಏಪ್ರಿಲ್‌ನಲ್ಲೂ ಅದೇ ಹೊತ್ತಿಗೆ ಶವಸಂಸ್ಕಾರ ಇತ್ತಂತೆ. ಎಷ್ಟು ಹೊತ್ತು ಕೂಗಬೇಕೆಂಬುದು ಡಬ್ಬಿಯ ಗಡಿಯಾರದ ಕೆಲಸ, ಕೈ ಬೇಗ ತೆಗೆದರೆ ಅದು ಕೂಗುವುದೇ ಇಲ್ಲ ಎಂದೆ. ಆರ್ಡಿಸ್ ಕುರ್ಚಿ ಹಿಡಿದು ಕೂತಳು. ಹಂಗಾದ್ರೆ ಅದ್ರ ಬಾಯಿ ಕಟ್ಟಿದ್ದು ನಾನೇನಾ ಎಂದಳು.

ಮಣ್ಣು ಮುಗಿದ ಮೇಲೆ, 12:10ಕ್ಕೆ, ಫೋನಿನಲ್ಲಿ ಮರ್ಲಿನ್ ಅವರ ಒಪ್ಪಿಗೆ ಪಡೆದು ಆರ್ಡಿಸ್ ಗುಂಡಿ ಒತ್ತಿದಳು. ಇಬ್ಬರೂ ಬಾಯಿಬಿಟ್ಟು ನಾಲ್ಕು ಎಣಿಸಿದೆವು. ಫೋನಿನಲ್ಲೇ ಸೈರನ್ ಕೇಳಿಸಿತು. ಅದರ ನಡುವೆ ಮರ್ಲಿನ್ ಅವರು, ಸಾಕು ಮಾರಾಯ್ತಿ, ಮಣ್ಣು ಮುಗ್ಸಿ ಊಟಕ್ಕೆ ಕೂತೋರೆಲ್ಲ ಹ್ಯಾಮ್ ಬ್ರೆಡ್ ಹಿಡ್ಕೊಂಡು ಬೀದಿಗೆ ಬಂದವ್ರೆ, ಸತ್ತೋನೊಬ್ಬ ಎದ್ದು ಬರೋದು ಬಾಕಿ ಎಂದು ಕೂಗಿ ಹೇಳಿದರು. ಸೈರನ್ ನಿಂತ ಮೇಲೆ, ಸಭೇಲಿ ಕಳಚೋ ಮಾತು ನಾನು ಎತ್ತಲ್ಲ ಬಿಡು ಎಂದರು.

ಕೇಳದೆ ಡಬ್ಬಿ ತೆರೆದದ್ದು ನಾನೇ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಓದಿ ನೋಡಿಯೇ ಸಹಿ ಹಾಕಿದ್ದೇನೆ.

ಸ್ಥಳ: ಡೋರ್ಬಿ
ದಿನಾಂಕ: 8 ಮೇ 2014
(ಸಹಿ) ಲವೋನ್ ಹ್ರುಸ್ಕಾ

ಸಹಿ ಹಾಕಿದ ಮೇಲೆ ಕೌಂಟಿ ಕಚೇರಿಯವರಿಗಾಗಿ ಸೇರಿಸಿದ್ದು: ಮುಂದಿನ ಪರೀಕ್ಷೆಯ ದಿನ, ಜೂನ್ 4ರ ಬೆಳಿಗ್ಗೆ, ಚರ್ಚಿನಲ್ಲಿ ಏನೂ ಇಲ್ಲ ಎಂದು ಪಾದ್ರಿಯವರು ಹೇಳಿದ್ದಾರೆ. ಹಿಂದಿನ ದಿನ ದಯವಿಟ್ಟು ಇನ್ನೊಮ್ಮೆ ವಿಚಾರಿಸಿ. ಮಣ್ಣು ಇದ್ದರೆ ಪರೀಕ್ಷೆಯ ಹೊತ್ತು ಬದಲಿಸಿ, ಗುಂಡಿಯಿಂದ ಮಾತ್ರ ಬೇಗ ಕೈ ತೆಗೆಯುವುದು ಬೇಡ.